ಪದಕೋಶದೊಳಗಿನ ಲಿಂಗಭೇದ: ಹೊಸೂರು ಗಡಿಯಿಂದ ಸ್ತ್ರೀವಾದಿ ವಿಜ್ಞಾನವಿಮರ್ಶೆಯ ಮರುಓದು

ಭಾರತದಲ್ಲಿ ಮಹಿಳೆ ಮತ್ತು ವಿಜ್ಞಾನವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಎಣಿಕೆಯ ಚರ್ಚೆಯಾಗಿ ನಡೆದುಬಂದಿದೆ. ಉನ್ನತ ಶಿಕ್ಷಣದ 2021-22ರ ಅಖಿಲ ಭಾರತ ಸಮೀಕ್ಷೆಯಂತೆ ವಿಜ್ಞಾನ ವಿಭಾಗಗಳಲ್ಲಿ ಓದುತ್ತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೆಣ್ಣುಮಕ್ಕಳು. ಆದರೆ ಸಂಶೋಧನೆಯಲ್ಲಿ ನೇರವಾಗಿ ತೊಡಗಿರುವವರ ಪೈಕಿ ಮಹಿಳೆಯರು ಸುಮಾರು ಆರರಲ್ಲೊಂದು ಪಾಲು. ಈ ಸೋರಿಕೆಯನ್ನು ತಡೆಯುವುದಕ್ಕೆಂದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮರಳಿ ಬರುವ ಮಹಿಳಾ ವಿಜ್ಞಾನಿಗಳಿಗೆ ವೇತನ ಯೋಜನೆಗಳನ್ನು ರೂಪಿಸಿತು. ಬ್ರಿಟನ್ನಿನ ‘ಅಥೀನಾ ಸ್ವಾನ್’ ಮಾದರಿಯಲ್ಲಿ 2020ರಲ್ಲಿ ‘ಗತಿ’ ಎಂಬ ಸಾಂಸ್ಥಿಕ ಮೌಲ್ಯಮಾಪನವನ್ನೂ ಆರಂಭಿಸಿತು. ಇವೆಲ್ಲ ಬೇಕಾದವೇ. ಆದರೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಒಳಹೋದವರನ್ನೂ ಹೊರಬಂದವರನ್ನೂ ಎಣಿಸುವ ವಿಮರ್ಶೆಗೆ ಆ ಬಾಗಿಲಿನವರೆಗೆ ಬರುವ ದಾರಿ ಕಾಣಿಸುವುದಿಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿಗಳ ಕನ್ನಡ ಹುಡುಗಿಯ ದಾರಿಯಲ್ಲಿ ಮೊದಲ ತಡೆ ಪ್ರಯೋಗಾಲಯಕ್ಕೆ ಬಹಳ ಹಿಂದೆಯೇ, ಭಾಷೆಯಲ್ಲಿ ಎದುರಾಗುತ್ತದೆ. ಸ್ತ್ರೀವಾದಿ ವಿಜ್ಞಾನವಿಮರ್ಶೆ ಈ ತಡೆಯನ್ನು ಇನ್ನೂ ತನ್ನ ವಿಷಯವೆಂದು ಪೂರ್ತಿಯಾಗಿ ಒಪ್ಪಿಕೊಂಡಿಲ್ಲ.

ಈ ವಿಮರ್ಶೆಯ ಭಾರತೀಯ ಕಥನ ಆರಂಭವಾಗುವುದು ಹೊಸೂರಿನಿಂದ ನಲವತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ. 1933ರಲ್ಲಿ ಮುಂಬಯಿಯಿಂದ ಪದವಿ ಮುಗಿಸಿ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದ್ದು, ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನೊಡನೆ ಸೇರಿಸಿಕೊಂಡದ್ದು ಈಗ ಎಲ್ಲರಿಗೂ ತಿಳಿದ ಸಂಗತಿ. ಅದೇ ಆವರಣದಲ್ಲಿ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳ ದೀಪ್ತಿಯನ್ನು ಕುರಿತು 1942ರಿಂದ 1945ರ ಒಳಗೆ ಐದು ಲೇಖನಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಆಭಾ ಸೂರ್ ಅವರ ‘ಡಿಸ್ಪರ್ಸ್ಡ್ ರೇಡಿಯನ್ಸ್’ (2011) ಈ ಇತಿಹಾಸವನ್ನು ಜಾತಿ ಮತ್ತು ಲಿಂಗ ಎರಡೂ ಕೂಡುವ ಜಾಗದಲ್ಲಿ ನಿಲ್ಲಿಸಿ ನೋಡಿದ ಕೃತಿ. ತಮ್ಮ ವೃತ್ತಿಬದುಕಿನಲ್ಲಿ ಹೆಣ್ಣೆಂಬುದು ಮುಖ್ಯ ಸಂಗತಿಯೇ ಅಲ್ಲವೆಂಬ ಅನ್ನಾ ಮಣಿಯವರ ನಿಲುವನ್ನು ಅಲ್ಲಗಳೆಯದೆ, ಆ ನಿಲುವು ರೂಪುಗೊಂಡ ಸನ್ನಿವೇಶವನ್ನು ಓದಲು ಹೊರಟದ್ದು ಅದರ ದೊಡ್ಡ ಗುಣ.

ಇದಕ್ಕಿಂತ ಹೆಚ್ಚು ಜನಪ್ರಿಯವಾದದ್ದು ರೋಹಿಣಿ ಗೋಡ್ಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ, ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಪ್ರಕಟಿಸಿದ ‘ಲೀಲಾವತೀಸ್ ಡಾಟರ್ಸ್’. ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕಿನ ಬರಹಗಳ ಈ ಸಂಪುಟ ಅನೇಕ ವಿದ್ಯಾರ್ಥಿನಿಯರಿಗೆ ಧೈರ್ಯ ಕೊಟ್ಟಿದೆ. ಶೀರ್ಷಿಕೆಯಲ್ಲಿ ಮಾತ್ರ ಒಂದು ವ್ಯಂಗ್ಯ ಅಡಗಿದೆ. ಭಾಸ್ಕರಾಚಾರ್ಯನ ಗ್ರಂಥದಲ್ಲಿ ಲೀಲಾವತಿ ಲೆಕ್ಕ ಬಿಡಿಸಿದವಳಾಗಿ ಕಾಣುವುದಿಲ್ಲ. ಬಾಲೆ, ಜಿಂಕೆಗಣ್ಣಿನವಳೆ ಎಂದು ಕರೆಸಿಕೊಂಡು ಪ್ರಶ್ನೆ ಕೇಳಿಸಿಕೊಳ್ಳುವವಳು ಅವಳು. (12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥಗಳಲ್ಲಿ ಒಂದರ ಹೆಸರೂ ‘ಲೀಲಾವತಿ’ ಎಂಬುದನ್ನು ಈ ಸಂಪುಟದ ಓದುಗರು ನೆನೆಯುವುದು ಕಡಿಮೆ.) ಸಂಪುಟದ ಮಿತಿ ಇರುವುದು ಬೇರೆಡೆ. ಓದಿದ ತಂದೆತಾಯಿ, ಪ್ರೋತ್ಸಾಹಿಸಿದ ಗುರು, ಒತ್ತಾಸೆಯಾದ ಪತಿ ಎಂಬ ಮೂರು ಆಸರೆಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾವ ಭಾಷೆಯಲ್ಲಿ ವಿಜ್ಞಾನ ಮೊದಲು ಕಿವಿಗೆ ಬಿತ್ತು, ಯಾವ ತರಗತಿಯಲ್ಲಿ ಆ ಭಾಷೆಯನ್ನು ಬಿಡಬೇಕಾಯಿತು ಎಂಬ ಪ್ರಶ್ನೆ ಚರ್ಚೆಯ ಕೇಂದ್ರಕ್ಕೆ ಬರುವುದೇ ಇಲ್ಲ.

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರ (1922-2010) ಬದುಕಿನಲ್ಲಿ ಈ ಪ್ರಶ್ನೆಯ ಸುಳಿವು ಇದೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು; ವಿಧವೆಯರ ಮತ್ತು ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದವರು. ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ, ಹೆಣ್ಣುಮಕ್ಕಳು ಕಡಿಮೆ ವರ್ಷಗಳಲ್ಲಿ ಓದು ಮುಗಿಸುವಂತೆ ಅವರ ಆಲೋಚನೆಯಂತೆ ನಡೆದ ಶಾಲೆಯ ಹೆಸರು ‘ಸ್ಪೆಷಲ್ ಇಂಗ್ಲಿಷ್ ಸ್ಕೂಲ್’. ಮೊಮ್ಮಗಳು ಓದಿದ್ದು ಅಲ್ಲಿಯೇ. ಮುಂದೆ ಮಿಷಿಗನ್ನಿನಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ, ಮೈಕ್ರೋವೇವ್ ತಂತ್ರಜ್ಞಾನವನ್ನು ಕಲಿಸಿದ ಈ ಕನ್ನಡತಿ ತಮ್ಮ ಮನೆತನದ ಹೆಂಗಸರ ಕಥೆಯನ್ನು ‘ಎ ಥೌಸಂಡ್ ಸ್ಟ್ರೀಮ್ಸ್’ ಎಂದು ಇಂಗ್ಲಿಷಿನಲ್ಲಿಯೇ ಬರೆದರು. ಹೆಣ್ಣಿಗೆ ಜ್ಞಾನದ ಬಾಗಿಲು ತೆರೆದಾಗ ಅದು ಇಂಗ್ಲಿಷಿನ ಬಾಗಿಲೇ ಆಗಿತ್ತು. ಅದಕ್ಕೆ ಯಾರನ್ನೂ ದೂರಲಾಗದು. ಆದರೆ ಆ ಬಾಗಿಲಿನ ಅಳತೆಗೆ ಹೊಂದದವರ ಪಾಡೇನು ಎಂಬುದನ್ನು ಬೆಂಗಳೂರಿನಿಂದ ನೋಡುವುದಕ್ಕಿಂತ ಹೊಸೂರಿನಿಂದ ನೋಡುವುದು ಸುಲಭ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆ ಸೇಲಂ ಜಿಲ್ಲೆಯ ಭಾಗವಾಗಿ ಮದರಾಸು ರಾಜ್ಯದಲ್ಲಿ ಉಳಿಯಿತು. 1965ರಲ್ಲಿ ಧರ್ಮಪುರಿಗೆ ಸೇರಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಮನೆಮಾತುಗಳೇ. ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂದು, ಒಂದನೆಯ ತರಗತಿಯಿಂದ ವರ್ಷಕ್ಕೊಂದರಂತೆ ಏರುತ್ತ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಅಲ್ಪಸಂಖ್ಯಾತ ಭಾಷಿಕರು ನ್ಯಾಯಾಲಯಗಳಿಂದ ವಿನಾಯಿತಿಗಳನ್ನು ಪಡೆಯುತ್ತ ಬಂದಿದ್ದಾರೆ. ಈ ವ್ಯಾಜ್ಯದ ವಾದ ಪ್ರತಿವಾದಗಳಲ್ಲಿ ‘ವಿದ್ಯಾರ್ಥಿ’ ಒಂದು ಲಿಂಗರಹಿತ ಘಟಕ. ವಾಸ್ತವ ಹಾಗಿಲ್ಲ. ಒಂದೇ ಮನೆಯ ಮಕ್ಕಳಲ್ಲಿ ಮಗನನ್ನು ಶುಲ್ಕ ತೆತ್ತು ಖಾಸಗಿ ಇಂಗ್ಲಿಷ್ ಶಾಲೆಗೂ ಮಗಳನ್ನು ಊರಿನ ಸರ್ಕಾರಿ ಶಾಲೆಗೂ ಕಳಿಸುವ ರೂಢಿಯನ್ನು ಗ್ರಾಮೀಣ ಭಾರತದ ಶಿಕ್ಷಣ ಅಧ್ಯಯನಗಳು ಬಹಳ ಹಿಂದಿನಿಂದ ಗುರುತಿಸುತ್ತ ಬಂದಿವೆ. ಊರಿನ ಸರ್ಕಾರಿ ಶಾಲೆ ಕನ್ನಡ ಮಾಧ್ಯಮದ್ದಾಗಿದ್ದಲ್ಲಿ ಈ ರೂಢಿಯ ಫಲವೇನು? ಕನ್ನಡದಲ್ಲಿ ವಿಜ್ಞಾನ ಓದುವ ಹೊಣೆ ಹೆಚ್ಚು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಹೈಸ್ಕೂಲು, ಹೆಚ್ಚೆಂದರೆ ಪ್ಲಸ್ ಟೂ ಮುಗಿದೊಡನೆ ಆ ವಿಜ್ಞಾನಕ್ಕೆ ಮುಂದುವರಿಕೆ ಇಲ್ಲ. ಪದವಿಯ ವಿಜ್ಞಾನವೆಂದರೆ ಇಂಗ್ಲಿಷೇ. ಬಾಲ್ಯವಿವಾಹ ಇನ್ನೂ ಚಿಂತೆಯ ವಿಷಯವಾಗಿರುವ ಬೆಟ್ಟದ ಹಳ್ಳಿಗಳಲ್ಲಿ, ಭಾಷೆ ಬದಲಿಸಬೇಕಾದ ಈ ವಯಸ್ಸೂ ಮದುವೆಯ ಮಾತು ಬರುವ ವಯಸ್ಸೂ ಒಂದೇ. ಭಾಷಾ ಹಕ್ಕಿನ ಚಳವಳಿ ಮೊದಲನೆಯದನ್ನು ಕುರಿತು ಮಾತಾಡಿತು, ಮಹಿಳಾ ಹಕ್ಕಿನ ಚಳವಳಿ ಎರಡನೆಯದನ್ನು ಕುರಿತು. ಹುಡುಗಿ ಎರಡನ್ನೂ ಒಟ್ಟಿಗೆ ಎದುರಿಸುತ್ತಾಳೆ.

ಹಾಗಾದರೆ ಆ ಕೆಲವು ವರ್ಷಗಳಲ್ಲಿ ಅವಳು ಓದುವ ಕನ್ನಡದ ವಿಜ್ಞಾನ ಎಂಥದು? ತಮಿಳುನಾಡಿನ ಪಠ್ಯಪುಸ್ತಕ ಸಂಸ್ಥೆ ಅಲ್ಪಸಂಖ್ಯಾತ ಭಾಷಾ ಮಾಧ್ಯಮಗಳಿಗೂ ಪುಸ್ತಕಗಳನ್ನು ಹೊರತರುತ್ತದೆ. ಕನ್ನಡದ ವಿಜ್ಞಾನ ಪುಸ್ತಕ ಅನುವಾದ. ಅನುವಾದದ ಪುಸ್ತಕ ತನ್ನ ಪರಿಭಾಷೆಯನ್ನು ಕನ್ನಡದಲ್ಲಿ ಮೊದಲೇ ರೂಢವಾದ ಶಬ್ದರಾಶಿಯಿಂದ ಎತ್ತಿಕೊಳ್ಳಬೇಕಾಗುತ್ತದೆ. ಆ ಶಬ್ದರಾಶಿಯನ್ನು ಸ್ತ್ರೀವಾದಿ ದೃಷ್ಟಿಯಿಂದ ಪರೀಕ್ಷಿಸುವ ಕೆಲಸ ಆಗಬೇಕಾದಷ್ಟು ಆಗಿಲ್ಲ.

ಮಾನವಶಾಸ್ತ್ರಜ್ಞೆ ಎಮಿಲಿ ಮಾರ್ಟಿನ್ 1991ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ, ಅಮೆರಿಕದ ಜೀವಶಾಸ್ತ್ರ ಪಠ್ಯಗಳು ಗರ್ಭಾಂಕುರದ ವಿವರಣೆಯನ್ನು ಒಂದು ಪ್ರಣಯಕಥೆಯಂತೆ ಹೇಳುವುದನ್ನು ತೋರಿಸಿದರು: ಈಜಿ ಬರುವ ಸಾಹಸಿ ಗಂಡು ಕಣ, ಕಾದು ಕುಳಿತ ಹೆಣ್ಣು ಕಣ. ಇಂಗ್ಲಿಷಿನಲ್ಲಿ ಈ ಕಥೆ ಇರುವುದು ಕ್ರಿಯಾಪದಗಳಲ್ಲಿ ಮತ್ತು ವಿಶೇಷಣಗಳಲ್ಲಿ. ಕನ್ನಡದಲ್ಲಿ ಅದು ಪಾರಿಭಾಷಿಕ ನಾಮಪದದೊಳಗೇ ಸೇರಿಕೊಂಡಿದೆ. ‘ವೀರ್ಯಾಣು’ವಿನ ‘ವೀರ್ಯ’ಕ್ಕೆ ಪರಾಕ್ರಮ, ಶೌರ್ಯ ಎಂಬುದೇ ಮೊದಲ ಅರ್ಥ. ಪಾಠದ ವಾಕ್ಯವನ್ನು ಎಷ್ಟೇ ತಟಸ್ಥವಾಗಿ ಬರೆದರೂ ಪದವೇ ಪೌರುಷದ ಕಥೆಯನ್ನು ಹೇಳಿಬಿಟ್ಟಿರುತ್ತದೆ. ಜೊತೆಯ ‘ಅಂಡಾಣು’ ಎಂಬ ಪದ ಇನ್ನೊಂದು ಬಗೆಯ ತಪ್ಪು ಹೇಳುತ್ತದೆ: ಮಾನವ ಶರೀರದ ಅತಿ ದೊಡ್ಡ ಕೋಶಗಳಲ್ಲಿ ಒಂದಾದ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಡ್ಡಳತೆಯ, ಬರಿಗಣ್ಣಿಗೂ ಹೆಚ್ಚುಕಡಿಮೆ ಕಾಣಬಲ್ಲ ಕೋಶವನ್ನು ಅದು ‘ಅಣು’ ಎಂದು ಕರೆಯುತ್ತದೆ. ತಮಿಳಿನ ‘ವಿಂದಣು’ವಿನಲ್ಲಿರುವುದು ಬಿಂದು, ಹನಿ, ಅಲ್ಲಿ ಶೌರ್ಯದ ಮಾತಿಲ್ಲ. ಕನ್ನಡದಲ್ಲಿಯೂ ‘ಶುಕ್ರಾಣು’ ಎಂಬ ಪರ್ಯಾಯ ಬಳಕೆಯಲ್ಲಿದೆ. ಎರಡು ಭಾಷೆ ಬಲ್ಲ ಹೊಸೂರಿನ ಶಿಕ್ಷಕಿ ಈ ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬಲ್ಲಳು. ಒಂದೇ ಭಾಷೆಯ ಒಳಗಿದ್ದವರಿಗೆ ಆ ಪದ ಸಹಜವೆಂದೇ ತೋರುತ್ತದೆ.

‘ಬಂಜೆತನ’ದ ವಿಚಾರ ಇನ್ನೂ ಗಂಭೀರ. ಮಕ್ಕಳಾಗದಿರುವುದಕ್ಕೆ ಕಾರಣ ಗಂಡಿನಲ್ಲಿಯೂ ಇರಬಹುದೆಂಬುದು ಶಾಲೆಯ ಪಾಠ ಕಲಿಸಬೇಕಾದ ಮುಖ್ಯ ಸತ್ಯಗಳಲ್ಲೊಂದು. ಎಷ್ಟೋ ಹೆಂಗಸರ ಬದುಕು ಈ ಸತ್ಯದ ಮೇಲೆ ನಿಂತಿದೆ. ಕನ್ನಡದಲ್ಲಿ ಅದನ್ನು ಹೇಳಹೊರಟವರು ‘ಪುರುಷ ಬಂಜೆತನ’ ಎಂದು ಬರೆಯುತ್ತಾರೆ. ‘ಬಂಜೆ’ಗೆ ಕನ್ನಡದಲ್ಲಿ ಪುಲ್ಲಿಂಗ ರೂಪವೇ ಇಲ್ಲ. ಗಂಡಿನ ದೇಹದ ಒಂದು ಸ್ಥಿತಿಯನ್ನು ಹೆಸರಿಸುವುದಕ್ಕೂ ಹೆಣ್ಣಿನ ಮೇಲಿನ ಬೈಗುಳವನ್ನೇ ಕಡ ತರಬೇಕಾಗಿದೆ. ತಮಿಳಿನ ‘ಮಲಟ್ಟುತ್ತನ್ಮೈ’ಗೆ ಮೂಲವಾದ ‘ಮಲಡು’ ಹೆಣ್ಣಿಗೆ ಮಾತ್ರ ಮೀಸಲಲ್ಲ. ಅಲ್ಲಿ ‘ಮಲಡಿ’ಯೂ ಉಂಟು ‘ಮಲಡನ್’ ಸಹ ಉಂಟು. ಪದ ಬದಲಾದರೆ ಅತ್ತೆಮನೆಯ ಮಾತು ಬದಲಾಗುತ್ತದೆಂದು ನಂಬುವಷ್ಟು ಮುಗ್ಧರು ಯಾರೂ ಇರಲಾರರು. ಆದರೂ ‘ಸಂತಾನಹೀನತೆ’ ಎಂಬ ಪದ ಕೈಯಳತೆಯಲ್ಲಿರುವಾಗ, ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾದ ಪಾಠವೇ ಅದೇ ತಿಳಿವಳಿಕೆಯ ಪದವನ್ನು ಬಳಸುವುದಕ್ಕೆ ಸಮರ್ಥನೆ ಸಿಗದು.

ವ್ಯಾಕರಣದ ಮಟ್ಟದಲ್ಲಿಯೂ ಹೀಗೆಯೇ. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗವಿಲ್ಲ. ಕನ್ನಡದ ಏಕವಚನದ ಪ್ರಥಮಪುರುಷ ಕ್ರಿಯಾಪದಕ್ಕೆ ಅದು ತಪ್ಪದು. ‘ವಿಜ್ಞಾನಿ’ ಎಂಬ ಪದ ಎರಡೂ ಲಿಂಗಗಳಿಗೆ ಸಲ್ಲುತ್ತದೆ. ‘ವಿಜ್ಞಾನಿಯು ವೀಕ್ಷಿಸುತ್ತಾನೆ’ ಎಂಬಲ್ಲಿ ಅನುವಾದ ಮೂಲದಲ್ಲಿ ಇಲ್ಲದ ಗಂಡನ್ನು ಸೃಷ್ಟಿಸುತ್ತದೆ. ಗೌರವದ ಬಹುವಚನ ಈ ಕಟ್ಟಿನಿಂದ ಬಿಡಿಸಬಲ್ಲದು: ‘ವೀಕ್ಷಿಸುತ್ತಾರೆ’ ಎಂದರೆ ಸಾಕು. ದ್ರಾವಿಡ ಭಾಷೆಗಳ ಈ ಬಹುವಚನ ಹೆಣ್ಣು ಗಂಡೆಂಬ ಭೇದ ಮಾಡದು. ಮೂರು ಭಾಷೆಗಳ ಈ ಸೀಮೆಯಲ್ಲಿ ತೆಲುಗಿನ ಉದಾಹರಣೆ ಇನ್ನೂ ಬೋಧಪ್ರದ. ಅಲ್ಲಿ ಏಕವಚನದ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ. ಗೌರವದ ಬಹುವಚನದಲ್ಲಿ ಮಾತ್ರ ಹೆಣ್ಣು ಮನುಷ್ಯರ ಸಾಲಿಗೆ ಬರುತ್ತಾಳೆ. ನ್ಯೂಟನ್ ‘ಕಂಡುಹಿಡಿದನು’, ಮೇರಿ ಕ್ಯೂರಿ ‘ಕಂಡುಹಿಡಿದಳು’ ಎಂಬ ಹಳೆಯ ಪುಸ್ತಕಗಳ ಶೈಲಿಗೆ ಸರಳತೆಯ ಚೆಲುವು ಇದ್ದದ್ದು ನಿಜ. ಆದರೆ ಹೆಸರಿಲ್ಲದ ವಿಜ್ಞಾನಿ ಅಲ್ಲಿ ಯಾವಾಗಲೂ ‘ಅವನು’.

ಇಷ್ಟಕ್ಕೆ ನಿಂತರೆ ಇದು ಕೇವಲ ಪದಗಳ ಜಗಳವಾದೀತು. ಡೊನಾ ಹಾರಾವೇ 1988ರಲ್ಲಿ ಮುಂದಿಟ್ಟ ‘ನೆಲೆಗೊಂಡ ಜ್ಞಾನ’ದ ಪರಿಕಲ್ಪನೆಯೂ ಸಾಂಡ್ರಾ ಹಾರ್ಡಿಂಗ್ ಹೇಳಿದ ‘ಬಲವಾದ ವಸ್ತುನಿಷ್ಠತೆ’ಯೂ ಕೇಳುವ ಮೂಲಪ್ರಶ್ನೆ, ಯಾರ ಕಣ್ಣಿನಿಂದ ನೋಡಿದ್ದು ಅವಲೋಕನವೆಂದು ಎಣಿಕೆಗೆ ಬರುತ್ತದೆ ಎಂಬುದು. ಹೊಸೂರಿನಲ್ಲಿ ಈ ಪ್ರಶ್ನೆಗೆ ರೇಷ್ಮೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಹಿಪ್ಪುನೇರಳೆ ಮತ್ತು ರೇಷ್ಮೆಹುಳುವಿನ ತಳಿಗಳನ್ನು ಸಂಗ್ರಹಿಸಿ ಕಾಪಾಡುವ, ಕೇಂದ್ರ ರೇಷ್ಮೆ ಮಂಡಳಿಯ ರಾಷ್ಟ್ರಮಟ್ಟದ ತಳಿದ್ರವ್ಯ ಕೇಂದ್ರ ಇರುವುದು ಹೊಸೂರಿನಲ್ಲಿಯೇ. ಸುತ್ತಲ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳಿವೆ. ಸೊಪ್ಪು ಬಿಡಿಸುವುದು, ಹೆಚ್ಚಿ ಹಾಕುವುದು, ಹಿಕ್ಕೆ ತೆಗೆಯುವುದು, ರಾತ್ರಿಯ ಸೊಪ್ಪಿಗೆ ಏಳುವುದು, ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವುದು ಬಹುಪಾಲು ಹೆಂಗಸರ ಕೆಲಸ.

ರೇಷ್ಮೆಹುಳು ತನ್ನ ಬೆಳವಣಿಗೆಯಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುನ್ನ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಸಾಕುವವರ ಕನ್ನಡದಲ್ಲಿ ಇದಕ್ಕೆ ‘ಜ್ವರ’ ಎಂದು ಹೆಸರು: ಹುಳು ಎರಡನೆಯ ಜ್ವರಕ್ಕೆ ಕೂತಿದೆ, ಮೂರನೆಯ ಜ್ವರ ಎದ್ದಿದೆ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ತಟ್ಟೆ ಒಣಗಿರಬೇಕು, ಬಹುಪಾಲು ಹುಳು ಎದ್ದ ಮೇಲೆಯೇ ಮತ್ತೆ ಮೇವು ಕೊಡಬೇಕು. ಬೇಗ ಕೊಟ್ಟರೆ ಬೆಳೆ ಏರುಪೇರಾಗುತ್ತದೆ, ತಡವಾದರೆ ಎದ್ದ ಹುಳು ಸೊರಗುತ್ತದೆ. ಈ ಗಳಿಗೆಯನ್ನು ಗುರುತಿಸುವುದು ಕಣ್ಣಿನ ಕೆಲಸ. ಪುಸ್ತಕ ಹೇಳುವ ನಿಯಮವೂ ಅದೇ. ಇಲ್ಲಿ ಎರಡು ವಿಜ್ಞಾನಗಳಿಲ್ಲ. ವಂದನಾ ಶಿವರ ‘ಸ್ಟೇಯಿಂಗ್ ಅಲೈವ್’ (1988) ಮಾದರಿಯಲ್ಲಿ ಹೆಣ್ಣಿಗೂ ನಿಸರ್ಗಕ್ಕೂ ಸಹಜ ನಂಟು ಕಟ್ಟಬೇಕಾದ ಅಗತ್ಯವೂ ಇಲ್ಲ. ಆ ನಂಟು ಹುಟ್ಟಿನಿಂದ ಬಂದದ್ದಲ್ಲ, ದುಡಿಮೆ ಮತ್ತು ಆಸ್ತಿಯ ಹಂಚಿಕೆಯಿಂದ ಬಂದದ್ದೆಂದು ಬೀನಾ ಅಗರ್ವಾಲ್ 1992ರಲ್ಲಿಯೇ ವಾದಿಸಿದ್ದರು. ವಿಜ್ಞಾನದ ವಿಮರ್ಶೆ ಜಾರಿ ಪುರಾತನದ ಆರಾಧನೆಯಾಗುವ ಅಪಾಯವನ್ನು ಮೀರಾ ನಂದಾ ಎಚ್ಚರಿಸಿದ್ದೂ ಇಲ್ಲಿ ಸಲ್ಲುತ್ತದೆ. ಹುಳುಮನೆಯ ಹೆಂಗಸಿನ ತಿಳಿವು ಪರ್ಯಾಯ ವಿಜ್ಞಾನವೆಂದು ಸಾಧಿಸಬೇಕಾಗಿಲ್ಲ. ಅದು ಅವಲೋಕನ. ಅದೇ ಅವಲೋಕನವನ್ನು ಪ್ರಯೋಗಾಲಯದಲ್ಲಿ ಮಾಡಿದವರಿಗೆ ಲೇಖನದಲ್ಲಿ ಹೆಸರು ಬರುತ್ತದೆ, ಹುಳುಮನೆಯಲ್ಲಿ ಮಾಡಿದವರಿಗೆ ಕೂಲಿ. ತನ್ನ ಮನೆಯದೇ ಹುಳುವಾದರೆ ಕೂಲಿಯೂ ಇಲ್ಲ.

ಈ ಭೇದಕ್ಕೆ ಹಳೆಯ ವಂಶಾವಳಿಯೇ ಇದೆ. 1865ರಿಂದ ಕೆಲವು ವರ್ಷ ಲೂಯಿ ಪ್ಯಾಶ್ಚರ್ ದಕ್ಷಿಣ ಫ್ರಾನ್ಸಿನಲ್ಲಿ, ಕನ್ನಡದಲ್ಲಿ ಗಂಟು ರೋಗವೆನ್ನುವ ರೇಷ್ಮೆಹುಳುವಿನ ಕಾಯಿಲೆಯನ್ನು ಅಭ್ಯಾಸ ಮಾಡಿದರು. ತಾಯಿಚಿಟ್ಟೆಯಿಂದ ಮೊಟ್ಟೆಗೆ ರೋಗ ಇಳಿಯುತ್ತದೆಂಬ ಅರಿವಿನ ಮೇಲೆ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವ ಪದ್ಧತಿ ನೆಲೆಗೊಂಡಿತು. ಇಂದಿಗೂ ಬಿತ್ತನೆ ಮೊಟ್ಟೆಯ ಕೇಂದ್ರಗಳ ಆಧಾರ ತಾಯಿಚಿಟ್ಟೆ ಪರೀಕ್ಷೆಯೇ. ಆ ವರ್ಷಗಳಲ್ಲಿ ಪ್ರಯೋಗದ ಹುಳುಗಳನ್ನು ಸಾಕುವುದರಲ್ಲಿ ಪತ್ನಿ ಮರೀ ಪ್ಯಾಶ್ಚರ್ ಕೈಜೋಡಿಸಿದ್ದರು. ಆಕೆಯ ಪಾಲು ‘ನೆರವು’ ಎಂದು ಜೀವನಚರಿತ್ರೆಗೆ ಸೇರಿತು, ವಿಜ್ಞಾನದ ಚರಿತ್ರೆಗೆ ಸೇರಲಿಲ್ಲ.

ಹುಳುಮನೆಯ ಅದೇ ಬೆರಳುಗಳಿಗೆ ಈಗ ಕಾರ್ಖಾನೆಗಳಿಂದ ಕರೆ ಬಂದಿದೆ. ಹೊಸೂರಿನ ಕೈಗಾರಿಕಾ ವಲಯ ಗಡಿಯಾರದಿಂದ ಮೊಬೈಲ್ ಫೋನಿನ ಬಿಡಿಭಾಗಗಳವರೆಗೆ ಬೆಳೆದಿದೆ. ಪೋಚಂಪಳ್ಳಿಯ ವಿದ್ಯುತ್ ಸ್ಕೂಟರ್ ಕಾರ್ಖಾನೆಯನ್ನು ಸಂಪೂರ್ಣವಾಗಿ ಮಹಿಳೆಯರೇ ನಡೆಸುವರೆಂಬ ಘೋಷಣೆ 2021ರಲ್ಲಿ ಹೊರಬಿತ್ತು. ಹಳ್ಳಿಯ ಹುಡುಗಿಗೆ ತಿಂಗಳ ಸಂಬಳ, ಮದುವೆಯನ್ನು ಕೆಲವು ವರ್ಷ ಮುಂದೂಡುವ ಬಲ ಸಿಕ್ಕಿದೆ. ಅದನ್ನು ಹಗುರವಾಗಿ ಕಾಣುವ ಹಕ್ಕು ಯಾವ ವಿಮರ್ಶಕರಿಗೂ ಇಲ್ಲ. ಆದರೆ ಡಯಾನ್ ಎಲ್ಸನ್ ಮತ್ತು ರೂತ್ ಪಿಯರ್ಸನ್ 1981ರಲ್ಲಿ ‘ನಾಜೂಕು ಬೆರಳು’ಗಳನ್ನು ಕುರಿತು ಬರೆದ ಮಾತು ಇಲ್ಲಿ ಮತ್ತೆ ನೆನಪಾಗಬೇಕು. ಮನೆಯಲ್ಲಿ ವರ್ಷಗಟ್ಟಲೆ ಕಲಿತ ಸೂಕ್ಷ್ಮ ಕೈಗೆಲಸವನ್ನು ಹೆಣ್ಣಿನ ಹುಟ್ಟುಗುಣವೆಂದು ಕರೆದೊಡನೆ ಅದು ಕೌಶಲವಾಗಿ ಉಳಿಯುವುದಿಲ್ಲ, ಅದಕ್ಕೆ ಬೆಲೆಯೂ ಕಡಿಮೆಯಾಗುತ್ತದೆ. ಜಿಲ್ಲೆಯ ಹುಡುಗಿಯ ಮಟ್ಟಿಗೆ ವಿಜ್ಞಾನದ ಓದು ಕೊನೆಯಾಗುವ ಜಾಗದಲ್ಲಿಯೇ ತಂತ್ರಜ್ಞಾನದ ದುಡಿಮೆ ಆರಂಭವಾಗುತ್ತಿದೆ. ಇದನ್ನು ಒಳಗೊಳ್ಳುವಿಕೆ ಎಂದು ಕರೆಯುವ ವರದಿಗಳು ಬಂದರೆ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಈ ಕಂದಕವನ್ನು ದಾಟುವ ಬರವಣಿಗೆ ಇರಲಿಲ್ಲವೆಂದಲ್ಲ. ವೈದ್ಯೆ ಅನುಪಮಾ ನಿರಂಜನ (1934-1991) ‘ತಾಯಿ ಮಗು’, ‘ವಧುವಿಗೆ ಕಿವಿಮಾತು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳಲ್ಲಿ ದೇಹವಿಜ್ಞಾನವನ್ನು ಹೆಂಗಸರ ಕೈಗಿತ್ತರು. ಶೀರ್ಷಿಕೆಗಳು ಅವರ ಕಾಲದ ಕಟ್ಟಳೆಯನ್ನು ತೋರುತ್ತವೆ: ಜ್ಞಾನ ತಾಯಿಗೆ, ವಧುವಿಗೆ ಸಲ್ಲಬಹುದಿತ್ತು, ಅದೂ ಕಿವಿಮಾತಾಗಿ. ‘ಕೇಳು ಕಿಶೋರಿ’ಯಲ್ಲಿ ಮಾತು ಮದುವೆಗೆ ಮೊದಲಿನ ವಯಸ್ಸಿಗೆ ಬಂತು, ಅದು ಸಣ್ಣ ಹೆಜ್ಜೆಯಲ್ಲ. ಹಿಂದೂಸ್ತಾನ್ ಏರೋನಾಟಿಕ್ಸಿನಲ್ಲಿ ಎಂಜಿನಿಯರಾಗಿದ್ದ ನೇಮಿಚಂದ್ರ ಮೇರಿ ಕ್ಯೂರಿಯ ಬದುಕನ್ನು ‘ಬೆಳಕಿನೊಂದು ಕಿರಣ’ದಲ್ಲಿ ಬರೆದರು. ಈ ಇಬ್ಬರ ಗದ್ಯದಲ್ಲಿ ವಿಜ್ಞಾನದ ಕನ್ನಡಕ್ಕೆ ಹೆಣ್ಣಿನ ದನಿಯಿದೆ. ಅನುವಾದದ ಪಠ್ಯಪುಸ್ತಕಕ್ಕೆ ಮಾದರಿಯಾಗಬಹುದಾಗಿದ್ದ ಈ ಗದ್ಯವನ್ನು ಕನ್ನಡ ವಿಮರ್ಶೆ ‘ಮಹಿಳಾ ಸಾಹಿತ್ಯ’ದ ಅಥವಾ ‘ಜನಪ್ರಿಯ ವಿಜ್ಞಾನ’ದ ಕಪಾಟಿಗೆ ಸೇರಿಸಿ ಕೈತೊಳೆದುಕೊಂಡಿತು.

ಇಂಗ್ಲಿಷಿಗೆ ಹೋಗಬೇಕಾದ ಹುಡುಗಿಗೆ ಕನ್ನಡದ ಪರಿಭಾಷೆಯನ್ನು ತಿದ್ದಿ ಕೊಡುವುದರಿಂದ ಏನು ಲಾಭ ಎಂಬ ಆಕ್ಷೇಪ ಬರಬಹುದು. ತಂದೆತಾಯಿಯರ ಆಕ್ಷೇಪವೂ ಇದೇ, ಅದರಲ್ಲಿ ತಿರುಳಿದೆ. ಆದರೆ ದಾಟುವವರಿಗೆ ಬೇಕಾದದ್ದು ಸೇತುವೆ. ಆ ಸೇತುವೆಯನ್ನು ಕಟ್ಟಲು ತಕ್ಕ ಜಾಗವೂ ಇದೇ, ಬಹುಭಾಷಿಕ ಶಿಕ್ಷಕಿಯರು ಇಲ್ಲಿಯೇ ಇದ್ದಾರೆ. ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಎಂಬ ನಾಲ್ಕು ಅಂಕಣಗಳ ಒಂದು ಶಾಲಾ ಪದಕೋಶವನ್ನು ಅಲ್ಪಸಂಖ್ಯಾತ ಭಾಷಾ ಕೇಂದ್ರವೊಂದು ಕೈಗೆತ್ತಿಕೊಂಡರೆ, ಸಂತಾನೋತ್ಪತ್ತಿಯ ಅಧ್ಯಾಯದಲ್ಲಿ ಯಾವ ಪದವನ್ನು ಕೈಬಿಡಬೇಕೆಂಬ ಚರ್ಚೆ ಮೊದಲ ದಿನವೇ ಏಳುತ್ತದೆ. ರೇಷ್ಮೆಯ ಅಧ್ಯಾಯದಲ್ಲಿ ತೊಡಕು ಬೇರೆ ಬಗೆಯದು. ಪುಸ್ತಕದ ‘ಪೊರೆ ಕಳಚುವಿಕೆ’ಯ ಎದುರು ತಮಿಳಿನ ‘ತೋಲುರಿತ್ತಲ್’ ಸರಿಯಾಗಿ ಕೂರುತ್ತದೆ. ‘ಜ್ವರ’ ಕಳಚುವ ಕ್ರಿಯೆಯ ಹೆಸರೇ, ಅದಕ್ಕೆ ಮುಂಚಿನ ನಿಶ್ಚಲ ಸ್ಥಿತಿಯ ಹೆಸರೇ, ಅಥವಾ ಎರಡೂ ಕೂಡಿದ ಅವಧಿಯ ಹೆಸರೇ ಎಂಬುದನ್ನು ನಿಘಂಟುಕಾರರು ಬೇರಿಕೆಯಲ್ಲೋ ಬಾಗಲೂರಿನಲ್ಲೋ ಹುಳುಮನೆಯೊಂದರ ಹೆಂಗಸರನ್ನು ಕೇಳಿಯೇ ಬರೆದುಕೊಳ್ಳಬೇಕಾಗುತ್ತದೆ.